ಬಯಲಿನ ಬಣ್ಣಗೆಲಸಕ್ಕೊಂದು ಮಡಚುವ ಮರೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಸಣ್ಣ ಕೈಗಾರಿಕೆಗಳಲ್ಲಿ ಕಬ್ಬಿಣದ ಕೆಲಸಕ್ಕೆ ಹಿರಿಯ ಸ್ಥಾನವಿದೆ. ಗೋಕುಲ ರಸ್ತೆ, ತಾರಿಹಾಳ, ರಾಯಾಪುರ, ಲಕ್ಕಮನಹಳ್ಳಿ, ಬೇಲೂರು ಕೈಗಾರಿಕಾ ಪ್ರದೇಶಗಳ ಶೆಡ್ಡುಗಳಿಂದ ಹಿಡಿದು ಬಡಾವಣೆಗಳ ಅಂಚಿನಲ್ಲಿರುವ ಒಂದೇ ಖೋಲಿಯ ವೆಲ್ಡಿಂಗ್ ಅಂಗಡಿಗಳವರೆಗೆ ಗೇಟು, ಗ್ರಿಲ್, ಕಪಾಟು, ಕೂರಿಗೆ, ಕುಂಟೆ, ಯಂತ್ರಗಳ ರಕ್ಷಣಾ ಕವಚ ಮೊದಲಾದವು ದಿನನಿತ್ಯ ತಯಾರಾಗುತ್ತವೆ. ಈ ಘಟಕಗಳಲ್ಲಿ ಕತ್ತರಿಸಲು ಒಂದು ಜಾಗ, ಬೆಸೆಯಲು ಒಂದು ಜಾಗ, ಗ್ರೈಂಡಿಂಗ್‌ಗೆ ಒಂದು ಜಾಗ ಇರುತ್ತದೆ. ಬಣ್ಣಕ್ಕೆ ಮಾತ್ರ ಜಾಗವಿರುವುದಿಲ್ಲ. ಸಿದ್ಧವಾದ ವಸ್ತುವನ್ನು ಅಂಗಳಕ್ಕೋ ರಸ್ತೆಯ ಬದಿಗೋ ತಂದು, ಎರಡು ಕಲ್ಲಿನ ಮೇಲೆ ನಿಲ್ಲಿಸಿ, ಕಂಪ್ರೆಸರಿನ ಪೈಪು ಎಳೆದು ಸ್ಪ್ರೇ ಹೊಡೆಯುವುದೇ ರೂಢಿಯಾಗಿದೆ.

ಈ ರೂಢಿ ಉದ್ದಿಮೆದಾರನಿಗೆ ಮೇಲ್ನೋಟಕ್ಕೆ ಅಗ್ಗವೆನಿಸಿದರೂ ವಾಸ್ತವದಲ್ಲಿ ದುಬಾರಿಯಾದುದು. ಇದಕ್ಕೆ ಪರಿಹಾರವೆಂದರೆ ಲಕ್ಷಗಟ್ಟಲೆ ಬೆಲೆಯ ಪೇಂಟ್ ಬೂತ್ ಒಂದೇ ಎಂಬ ಭಾವನೆಯೂ ಸರಿಯಲ್ಲ. ಸಣ್ಣ ವಸ್ತುಗಳಿಗೆ, ಬೇಕಾದಾಗ ಬಿಚ್ಚಿ ನಿಲ್ಲಿಸಿ ಕೆಲಸ ಮುಗಿದ ಮೇಲೆ ಮಡಚಿಡಬಹುದಾದ ಒಂದು ಮರೆ ಸಾಕು. ಆದರೆ ಅದನ್ನು ತಿಳಿವಳಿಕೆಯಿಲ್ಲದೆ ಬಳಸಿದರೆ ಬಯಲಿಗಿಂತ ಹೆಚ್ಚಿನ ಅಪಾಯವನ್ನು ತಂದೊಡ್ಡೀತು. ಆದ್ದರಿಂದ ಅದರ ಲಾಭವನ್ನೂ ಅದರ ನಿಯಮಗಳನ್ನೂ ಒಟ್ಟಿಗೇ ಪರಿಶೀಲಿಸುವುದು ಅವಶ್ಯ.

ಗನ್ ಬಂದಿತು, ಬೂತ್ ಬರಲಿಲ್ಲ

ಗಂಟಲಿಗೆ ಔಷಧಿ ಸಿಂಪಡಿಸುವ ಸಾಧನವನ್ನು ತಯಾರಿಸುತ್ತಿದ್ದ ಅಮೆರಿಕದ ಡಿವಿಲ್ಬಿಸ್ ಕುಟುಂಬವು 1907ರ ಸುಮಾರಿಗೆ ಅದೇ ತತ್ವವನ್ನು ಬಣ್ಣಕ್ಕೆ ಅಳವಡಿಸಿ ಸ್ಪ್ರೇ ಗನ್ನಿಗೆ ರೂಪ ಕೊಟ್ಟಿತು. 1920ರ ದಶಕದಲ್ಲಿ ಬೇಗನೆ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣ, ಅಂದರೆ ಇಂದಿಗೂ ಅಂಗಡಿಗಳಲ್ಲಿ ಎನ್.ಸಿ. ಎಂದು ಕರೆಯುವ ಬಣ್ಣ, ಮೋಟಾರು ಉದ್ಯಮಕ್ಕೆ ಕಾಲಿಟ್ಟಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. ಅದರ ಜೊತೆಗೇ ಹಾರುವ ಬಣ್ಣವನ್ನೂ ಥಿನ್ನರಿನ ಆವಿಯನ್ನೂ ಹೊರಗೆಳೆಯುವ ಬೂತುಗಳು ದೊಡ್ಡ ಕಾರ್ಖಾನೆಗಳ ಅವಿಭಾಜ್ಯ ಅಂಗವಾದವು.

ನಮ್ಮ ಓಣಿಗಳಿಗೆ ಗನ್ ಬಂದಿತು, ಥಿನ್ನರೂ ಬಂದಿತು. ಬೂತ್ ಮಾತ್ರ ಬರಲಿಲ್ಲ. ಧಾರವಾಡದ ಬಳಿಯ ಬಸ್ ಮತ್ತು ಭಾರೀ ಯಂತ್ರಗಳ ಕಾರ್ಖಾನೆಗಳಲ್ಲಿ ಬಣ್ಣದ ವಿಭಾಗವೇ ಪ್ರತ್ಯೇಕವಾಗಿರುತ್ತದೆ. ಅಂಥ ಕಾರ್ಖಾನೆಗಳ ನೆರಳಿನಲ್ಲಿಯೇ ಬೆಳೆದ ಸಣ್ಣ ಘಟಕಗಳು ಬಣ್ಣವನ್ನು ಗಾಳಿ-ಧೂಳಿನ ಕೈಗೆ ಒಪ್ಪಿಸಿ ಕುಳಿತಿವೆ. ಬಣ್ಣದಿಂದಲೇ ಹೆಸರಾದ ಕಲಘಟಗಿಯ ತೊಟ್ಟಿಲನ್ನು ನಾಡಿಗೆ ಕೊಟ್ಟ ಜಿಲ್ಲೆಯಲ್ಲಿ ಈ ಔದಾಸೀನ್ಯ ಒಪ್ಪುವಂಥದ್ದಲ್ಲ.

ಋತುವಿಗೊಂದು ತೊಂದರೆ

ಈ ಭಾಗದ ಹವಾಮಾನವನ್ನು ಬಲ್ಲವರಿಗೆ ಬಯಲಿನ ಬಣ್ಣಗೆಲಸದ ತಾಪತ್ರಯಗಳನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಒಣಗಿದ ಎರೆಮಣ್ಣಿನ ನುಣುಪು ಧೂಳು ಒಂದು ಲಾರಿ ಹಾದುಹೋದರೆ ಸಾಕು, ಎದ್ದು ಹಸಿ ಬಣ್ಣದ ಮೇಲೆ ಕೂರುತ್ತದೆ. ಅದೇ ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಬಿದ್ದ ಬಣ್ಣ ಹರಡಿಕೊಳ್ಳುವ ಮೊದಲೇ ಒಣಗಿ, ಮುಟ್ಟಿದರೆ ಮರಳುಕಾಗದದಂತೆ ತರಿತರಿಯಾಗುತ್ತದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆ ಮುನ್ಸೂಚನೆಯಿಲ್ಲದೆ ಬಂದು ದಿನದ ದುಡಿಮೆಯನ್ನು ತೊಳೆದುಬಿಡುತ್ತದೆ. ಆಷಾಢದ ಗಾಳಿ ಗನ್ನಿನಿಂದ ಹೊರಟ ಬಣ್ಣವನ್ನು ವಸ್ತುವಿಗೆ ಮುಟ್ಟಿಸುವ ಮೊದಲೇ ಹೊತ್ತೊಯ್ಯುತ್ತದೆ. ಸಂಜೆಯ ದೀಪಕ್ಕೆ ಮುತ್ತುವ ಹುಳುಗಳು ಬಣ್ಣದೊಳಗೆ ಅಂಟಿಕೊಂಡು ಉಳಿಯುತ್ತವೆ.

ಕಣ್ಣಿಗೆ ಕಾಣದ ಇನ್ನೊಂದು ತೊಂದರೆ ತೇವದ್ದು. ಬಣ್ಣ ಹಚ್ಚುವ ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿರಬೇಕು, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 85ನ್ನು ಮೀರಬಾರದು ಎಂಬುದು ಬಣ್ಣದ ತಂತ್ರಜ್ಞಾನದಲ್ಲಿ ಸರ್ವತ್ರ ಒಪ್ಪಿತವಾದ ನಿಯಮ. ಗಾಳಿಯ ಉಷ್ಣತೆ 22 ಡಿಗ್ರಿ, ಆರ್ದ್ರತೆ ಶೇ. 85 ಇದ್ದ ದಿನ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 19 ಡಿಗ್ರಿ. ರಾತ್ರಿಯೆಲ್ಲ ಹೊರಗೆ ಬಿದ್ದಿದ್ದ ಕಬ್ಬಿಣ ಬೆಳಿಗ್ಗೆ ಗಾಳಿಗಿಂತ ತಣ್ಣಗಿರುತ್ತದೆ. ಧಾರವಾಡದ ಮಳೆಗಾಲದ ಮುಂಜಾವಿನಲ್ಲಿ ಅಂಥ ಕಬ್ಬಿಣಕ್ಕೆ ನೇರವಾಗಿ ಸ್ಪ್ರೇ ಹೊಡೆದರೆ ಬಣ್ಣದ ಕೆಳಗೆ ನೀರಿನ ತೆಳುಪೊರೆಯನ್ನು ಮುಚ್ಚಿಟ್ಟಂತೆಯೇ ಸರಿ. ಎನ್.ಸಿ. ಬಣ್ಣ ಬಿಳಿಚಿಕೊಳ್ಳುವುದಕ್ಕೂ, ವರ್ಷದೊಳಗೆ ಗೇಟಿನ ಮೂಲೆಗಳಲ್ಲಿ ಬಣ್ಣ ಉಬ್ಬಿ ತುಕ್ಕು ಇಣುಕುವುದಕ್ಕೂ ಈ ತೇವ ಒಂದು ಮುಖ್ಯ ಕಾರಣ. ಗ್ರಾಹಕನು ಇದನ್ನು ಹವಾಮಾನದ ದೋಷವೆಂದು ಎಣಿಸುವುದಿಲ್ಲ. ತಯಾರಕನ ದೋಷವೆಂದೇ ಎಣಿಸುತ್ತಾನೆ.

ಗಾಳಿಗೆ ಹೋಗುವ ಹಣ

ಸಾಮಾನ್ಯ ಸ್ಪ್ರೇ ಗನ್ನಿನಿಂದ ಹೊರಬಿದ್ದ ಬಣ್ಣದಲ್ಲಿ ವಸ್ತುವಿನ ಮೇಲೆ ನಿಲ್ಲುವುದು ಬಹುಪಾಲು ಸಂದರ್ಭಗಳಲ್ಲಿ ಅರ್ಧಕ್ಕಿಂತಲೂ ಕಡಿಮೆ. ಗ್ರಿಲ್ಲಿನಂಥ ಸಂದುಗಳುಳ್ಳ ವಸ್ತುವಿನಲ್ಲಿ ಅದು ಇನ್ನೂ ಕುಗ್ಗುತ್ತದೆ. ತಿಂಗಳಿಗೆ 40 ಲೀಟರ್ ಬಣ್ಣ ಬಳಸುವ ಒಂದು ಘಟಕದಲ್ಲಿ ಮೂರನೆಯ ಒಂದು ಪಾಲು ಮಾತ್ರ ವಸ್ತುವಿಗೆ ಅಂಟುತ್ತದೆಯೆಂದು ಇಟ್ಟುಕೊಂಡರೆ, ಸುಮಾರು 27 ಲೀಟರ್ ಬಣ್ಣಕ್ಕೆ ಹಣ ಕೊಟ್ಟು ಅದನ್ನು ಗಾಳಿಗೆ ತೂರಿದಂತಾಯಿತು. ಅಂಟುವ ಪಾಲನ್ನು ಅರ್ಧಕ್ಕೆ ಏರಿಸಿದರೂ ಅದೇ ಕೆಲಸ 27 ಲೀಟರಿನಲ್ಲಿ ಮುಗಿದು, ತಿಂಗಳಿಗೆ ಸುಮಾರು 13 ಲೀಟರ್ ಉಳಿಯುತ್ತದೆ.

ಮರೆಯೊಂದೇ ಈ ಉಳಿತಾಯವನ್ನು ತರುವುದಿಲ್ಲ ಎಂಬುದನ್ನೂ ಸ್ಪಷ್ಟಪಡಿಸಬೇಕು. ಉಳಿತಾಯ ತರುವುದು ಎಚ್.ವಿ.ಎಲ್.ಪಿ. ಎಂಬ, ಹೆಚ್ಚು ಗಾಳಿ ಮತ್ತು ಕಡಿಮೆ ಒತ್ತಡದ ಗನ್. ಇದರ ಮುಂತುದಿಯಲ್ಲಿ ಒತ್ತಡ 10 ಪಿ.ಎಸ್.ಐ. ಮೀರುವುದಿಲ್ಲ, ಚಪ್ಪಟೆ ಮೈಯ ಮೇಲೆ ಶೇ. 65ರಷ್ಟು ಬಣ್ಣವನ್ನು ನಿಲ್ಲಿಸಬಲ್ಲದೆಂದು ಇದನ್ನು ಪರಿಗಣಿಸಲಾಗುತ್ತದೆ. ಆದರೆ ಮೆಲ್ಲಗೆ ಹೊರಡುವ ಈ ಬಣ್ಣದ ಹನಿಗಳನ್ನು ಬಯಲಿನ ಗಾಳಿ ಸುಲಭವಾಗಿ ದಾರಿ ತಪ್ಪಿಸುತ್ತದೆ. ಹಾಗಾಗಿಯೇ ಬಯಲಿನ ಪೇಂಟರು ಒತ್ತಡವನ್ನು ಏರಿಸಿ ಹೊಡೆಯುತ್ತಾರೆ. ಒತ್ತಡ ಏರಿದಷ್ಟೂ ಬಣ್ಣ ಪುಟಿದು ಹಾರುತ್ತದೆ. ಗಾಳಿಯ ಹೊಡೆತವನ್ನು ತಡೆಯುವ ಮರೆಯಿದ್ದರೆ ಮಾತ್ರ ಒಳ್ಳೆಯ ಗನ್ನಿಗೆ ಹಾಕಿದ ಬಂಡವಾಳ ಫಲ ಕೊಟ್ಟೀತು. ಇಂಥ ಗನ್ನಿಗೆ ಹೆಚ್ಚಿನ ಪ್ರಮಾಣದ ಗಾಳಿ ಬೇಕಾಗುವುದರಿಂದ ಇರುವ ಕಂಪ್ರೆಸರ್ ಸಾಲುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಜಾಣತನ.

ಇದಲ್ಲದೆ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಕಾಣಿಸದ ಎರಡು ಖರ್ಚುಗಳಿವೆ. ಧೂಳು ಕೂತ ಬಣ್ಣವನ್ನು ಉಜ್ಜಿ ತೆಗೆದು ಮತ್ತೆ ಹೊಡೆಯುವುದಕ್ಕೆ ತಗಲುವ ಕೂಲಿ ಮತ್ತು ವಿಳಂಬ ಒಂದು. ಪಕ್ಕದಲ್ಲಿ ನಿಂತ ವಾಹನದ ಮೇಲೆ, ನೆರೆಯವರ ಗೋಡೆ-ಬಟ್ಟೆಗಳ ಮೇಲೆ, ಎದುರಿನ ಅಂಗಡಿಯ ತಿಂಡಿ-ತಿನಿಸಿನ ಮೇಲೆ ಬಿದ್ದ ಬಣ್ಣದಿಂದ ಹುಟ್ಟುವ ಜಗಳ ಇನ್ನೊಂದು. ವ್ಯಾಪಾರಸ್ಥನಿಗೆ ನೆರೆಹೊರೆಯ ಸದ್ಭಾವವೂ ಒಂದು ಬಂಡವಾಳವೇ. ರಸ್ತೆಯು ಸಾರ್ವಜನಿಕರದ್ದು, ಅದರ ಗಾಳಿಯೂ ಸಾರ್ವಜನಿಕರದ್ದೇ.

ಮರೆಯ ಸ್ವರೂಪ

ಹೊರದೇಶಗಳಲ್ಲಿ ಮನೆಮಂದಿಯೇ ಕುರ್ಚಿ-ಮೇಜುಗಳಿಗೆ ಬಣ್ಣ ಹೊಡೆಯಲು ಬಳಸುವ, ಚೀಲದಲ್ಲಿ ಮಡಚಿಡಬಹುದಾದ ಬಟ್ಟೆಯ ಡೇರೆಗಳು ಮಾರಾಟದಲ್ಲಿವೆ. ಮೂರು ಬದಿ ಮತ್ತು ನೆಲ ಮುಚ್ಚಿರುತ್ತದೆ, ಮುಂಬದಿ ತೆರೆದಿರುತ್ತದೆ. ಅವು ಹವ್ಯಾಸಿಗಳ ಬಳಕೆಗೆ ಹೊಂದುವಂಥವು. ದಿನವಿಡೀ ದುಡಿಯುವ ಘಟಕಕ್ಕೆ ಬಾಳಿಕೆ ಬರಲಾರವು. ಕಾರ್ಯಾಗಾರಕ್ಕೆ ಬೇಕಾದ ಮರೆಯನ್ನು ಇಲ್ಲಿಯೇ ತಯಾರಿಸುವುದು ಉಚಿತ. ಅದಕ್ಕೆ ಬೇಕಾದ ಕೌಶಲಗಳೆಲ್ಲ ಅವಳಿ ನಗರದಲ್ಲಿ ಲಭ್ಯ ಇವೆ: ಚೌಕ ಪೈಪು ಬೆಸೆಯುವವರು, ತಾಡಪತ್ರಿ ಹೊಲಿಯುವವರು, ಗಂಟೆಗಳಲ್ಲಿ ಪೆಂಡಾಲ್ ಎಬ್ಬಿಸಿ ಗಂಟೆಗಳಲ್ಲಿ ಇಳಿಸುವವರು.

10 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಎತ್ತರದ ಚೌಕಟ್ಟಿನೊಳಗೆ ಒಂದು ಜೋಡಿ ಗೇಟಿನ ಬಾಗಿಲು, ಒಂದು ಕಪಾಟು ಅಥವಾ ಒಂದು ಕೂರಿಗೆ ಸಲೀಸಾಗಿ ಹಿಡಿಯುತ್ತದೆ. ಚೌಕಟ್ಟು ತಿರುಪು ಹಾಕಿ ಕೂಡಿಸುವಂಥದ್ದಾಗಿರಲಿ. ಎರಡು ಪಕ್ಕಗಳಿಗೆ ತೆಳು ಪತ್ರಾ ಅಥವಾ ಬೆಂಕಿಗೆ ಬೇಗನೆ ಹೊತ್ತಿಕೊಳ್ಳದಂತೆ ಸಂಸ್ಕರಿಸಿದ ಪಿ.ವಿ.ಸಿ. ಲೇಪದ ಬಟ್ಟೆ ಇರಲಿ. ಸಾಮಾನ್ಯ ಪ್ಲಾಸ್ಟಿಕ್ ತಾಡಪತ್ರಿ ಅಗ್ಗವಾದರೂ ಹೊತ್ತಿಕೊಂಡರೆ ಕರಗಿ ಮೈಮೇಲೆ ಸುರಿಯುವಂಥದ್ದು, ಅದನ್ನು ಬಳಸಬಾರದು. ಮೇಲ್ಭಾಗ ಇಳಿಜಾರಾಗಿದ್ದರೆ ಮಳೆನೀರು ನಿಲ್ಲುವುದಿಲ್ಲ. ಹಿಂಬದಿಯ ಗೋಡೆಯನ್ನು ಮಾತ್ರ ಮುಚ್ಚದೆ, ಅಲ್ಲಿ ಹಾರುವ ಬಣ್ಣವನ್ನು ಹಿಡಿಯುವ ಗಾಜುನಾರಿನ ಫಿಲ್ಟರ್ ಹಾಳೆಗಳನ್ನು ಜಾಳಿಗೆಯ ನಡುವೆ ಕೂಡಿಸಬೇಕು. ನೆಲಕ್ಕೆ ನೀರು ಚಿಮುಕಿಸಿದರೆ ಕಾಲ್ಧೂಳು ಏಳುವುದಿಲ್ಲ. ಗಾಳಿಗೆ ಡೇರೆ ಹಾಯಿಪಟದಂತೆ ಹಾರದಿರಲು ನಾಲ್ಕೂ ಕಾಲುಗಳಿಗೆ ಮರಳುಚೀಲದ ಭಾರ ಅವಶ್ಯ.

ನಿಲ್ಲಿಸುವ ದಿಕ್ಕೂ ಮುಖ್ಯ. ಡೇರೆಯ ಬೆನ್ನು ಗಾಳಿಗೆ ಇದ್ದರೆ ಗಾಳಿ ಸುತ್ತಿಬಂದು ಬಣ್ಣದ ಮಂಜನ್ನು ಪೇಂಟರಿನ ಮುಖಕ್ಕೇ ತರುತ್ತದೆ. ಮೆಲುಗಾಳಿ ತೆರೆದ ಮುಂಬದಿಯಿಂದ ಒಳಬಂದು, ಪೇಂಟರಿನ ಬೆನ್ನನ್ನು ತಾಕಿ, ವಸ್ತುವನ್ನು ದಾಟಿ, ಹಿಂಬದಿಯ ಫಿಲ್ಟರಿನ ಮೂಲಕ ಹೊರಹೋಗುವಂತೆ ನಿಲ್ಲಿಸುವುದು ಸರಿಯಾದ ಕ್ರಮ. ಗಾಳಿ ಬಲವಾಗಿ ಬೀಸುವ ದಿನ ಬಣ್ಣದ ಕೆಲಸವನ್ನು ಕೈಬಿಡುವುದೇ ಲೇಸು. ಮಳೆಗಾಲದಲ್ಲಿ ವಸ್ತುವನ್ನು ಹಿಂದಿನ ದಿನವೇ ಶೆಡ್ಡಿನೊಳಗೆ ಇಟ್ಟುಕೊಂಡು, ಮುಂಜಾವು ಕಳೆದು ಹೊತ್ತೇರಿದ ಮೇಲೆ ಹೊರತೆಗೆಯಬೇಕು. ಮರೆಯು ಮಳೆಹನಿಯನ್ನು ತಡೆಯುತ್ತದೆಯೇ ಹೊರತು ಗಾಳಿಯಲ್ಲಿನ ತೇವವನ್ನಲ್ಲ.

ಬಲವಾದ ಆಕ್ಷೇಪ

ಈ ಸಲಹೆಗೆ ಎದುರಾಗುವ ಆಕ್ಷೇಪಗಳಲ್ಲಿ ಅತ್ಯಂತ ಬಲವಾದದ್ದು ಅನುಭವಿ ಪೇಂಟರುಗಳದ್ದೇ. ಬಯಲಿನಲ್ಲಿ ಹೊಡೆದರೆ ವಾಸನೆ ಗಾಳಿಗೆ ಹೋಗುತ್ತದೆ, ಡೇರೆಯೊಳಗೆ ಹೊಡೆದರೆ ತಲೆ ತಿರುಗುತ್ತದೆ ಎಂಬುದು ಅವರ ಮಾತು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಎಲ್ಲ ಬದಿಯೂ ಮುಚ್ಚಿದ ಡೇರೆ ಬಯಲಿಗಿಂತ ಖಂಡಿತವಾಗಿಯೂ ಕೆಟ್ಟದ್ದು.

ಎಷ್ಟು ಕೆಟ್ಟದ್ದೆಂಬುದನ್ನು ಲೆಕ್ಕವೇ ಹೇಳುತ್ತದೆ. ಥಿನ್ನರುಗಳಲ್ಲಿ ಸಾಮಾನ್ಯವಾಗಿ ಇರುವ ಟೊಲ್ಯೂಯಿನ್ ಎಂಬ ದ್ರಾವಕ 4 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿದ್ದಾಗಲೂ ಕಿಡಿ ತಗಲಿದರೆ ಹೊತ್ತುವಷ್ಟು ಆವಿ ಬಿಡುತ್ತದೆ. ಹುಬ್ಬಳ್ಳಿಯ ಯಾವ ಋತುವೂ ಅಷ್ಟು ತಣ್ಣಗಿರುವುದಿಲ್ಲ. ಒಂದು ಲೀಟರ್ ಟೊಲ್ಯೂಯಿನ್ ಪೂರ್ತಿ ಆವಿಯಾದರೆ ಸುಮಾರು 230 ಲೀಟರ್ ಆವಿಯಾಗುತ್ತದೆ. ಮೇಲೆ ಹೇಳಿದ ಅಳತೆಯ ಮರೆಯ ಒಳಗಾತ್ರ ಸುಮಾರು 18 ಘನ ಮೀಟರ್, ಅಂದರೆ 18,000 ಲೀಟರ್. ಅದನ್ನು ಎಲ್ಲ ಕಡೆಯಿಂದ ಮುಚ್ಚಿದರೆ ಒಂದೇ ಲೀಟರ್ ದ್ರಾವಕದಿಂದ ಒಳಗಿನ ಗಾಳಿಯಲ್ಲಿ ಆವಿಯ ಪಾಲು ಶೇ. 1.2ನ್ನು ದಾಟುತ್ತದೆ. ಸುಮಾರು ಶೇ. 1.1 ತಲುಪಿದೊಡನೆ ಟೊಲ್ಯೂಯಿನ್ ಆವಿ ಸ್ಫೋಟಿಸಬಲ್ಲದು. ಈ ಆವಿ ಗಾಳಿಗಿಂತ ಮೂರು ಪಟ್ಟು ಭಾರವಾದ್ದರಿಂದ ನೆಲದುದ್ದಕ್ಕೂ ಹರಿದು, ದೂರದಲ್ಲಿನ ವೆಲ್ಡಿಂಗ್ ಕಿಡಿಯನ್ನೋ ಬೀಡಿಯ ಬೆಂಕಿಯನ್ನೋ ಹುಡುಕಿಕೊಂಡು ಹೋಗುತ್ತದೆ. 2022ರ ಜುಲೈನಲ್ಲಿ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಸಂಭವಿಸಿದ ಅಗ್ನಿ ದುರಂತ ಬಣ್ಣಕ್ಕೆ ಸಂಬಂಧಿಸಿದ್ದಲ್ಲ. ಆದರೆ ಸಣ್ಣ ಶೆಡ್ಡಿನಲ್ಲಿ ಬೆಂಕಿ ಹಬ್ಬಿದರೆ ದುಡಿಯುವ ಜೀವಗಳಿಗೆ ಏನಾಗುತ್ತದೆ ಎಂಬುದನ್ನು ಈ ಊರು ಅಂದು ಕಣ್ಣಾರೆ ಕಂಡಿದೆ.

ಆದ್ದರಿಂದ ಬೇಕಾದದ್ದು ಮರೆಯೇ ಹೊರತು ಮುಚ್ಚಳವಲ್ಲ. ಗಾಳಿಯ ಹೊಡೆತವನ್ನು ತಡೆಯಬೇಕು, ಗಾಳಿಯ ಸಂಚಾರವನ್ನು ತಡೆಯಬಾರದು. ಈ ಒಂದು ವ್ಯತ್ಯಾಸವನ್ನು ಅರಿಯದವರು ಡೇರೆಯ ಗೊಡವೆಗೇ ಹೋಗದಿರುವುದು ಕ್ಷೇಮ.

ಪಾಲಿಸಲೇಬೇಕಾದ ನಿಯಮಗಳು

1. ಮುಂಬದಿ ಸದಾ ತೆರೆದಿರಲಿ. ಪೇಂಟ್ ಬೂತುಗಳಲ್ಲಿ ಗಾಳಿ ನಿಮಿಷಕ್ಕೆ ಸುಮಾರು 100 ಅಡಿ ವೇಗದಲ್ಲಿ ಚಲಿಸಬೇಕೆಂಬುದು ರೂಢಿಯ ಮಾನದಂಡ. 6 ಅಡಿ ಅಗಲ, 7 ಅಡಿ ಎತ್ತರದ ತೆರವಿಗೆ ನಿಮಿಷಕ್ಕೆ 4,200 ಘನ ಅಡಿ ಗಾಳಿ ಬೇಕಾಗುತ್ತದೆ. ಬಯಲಿನ ಮೆಲುಗಾಳಿ ಇದನ್ನು ಹಲವು ಸಲ ತಾನಾಗಿಯೇ ಒದಗಿಸುತ್ತದೆ. ಗಾಳಿ ನಿಂತ ದಿನ ಪೇಂಟರಿನ ಹಿಂದೆ, ಮರೆಯ ಹೊರಗೆ ಎಂಟು-ಹತ್ತು ಅಡಿ ದೂರದಲ್ಲಿ ಸ್ಟ್ಯಾಂಡ್ ಫ್ಯಾನ್ ಇಟ್ಟು ಮೆಲ್ಲಗೆ ತಿರುಗಿಸಬೇಕು.

2. ಸಾಮಾನ್ಯ ಎಕ್ಸಾಸ್ಟ್ ಫ್ಯಾನನ್ನು ಹಿಂಬದಿಗೆ ಕೂಡಿಸುವುದು ಸಾಮಾನ್ಯವಾಗಿ ಆಗುವ ದೊಡ್ಡ ತಪ್ಪು. ಅದರ ಮೋಟಾರು ಆವಿಯ ಹಾದಿಯಲ್ಲೇ ಇರುವುದರಿಂದ ಒಂದು ಕಿಡಿ ಸಾಕು. ಫ್ಯಾನಿನ ಮೋಟಾರು ಯಾವಾಗಲೂ ಶುದ್ಧ ಗಾಳಿಯಲ್ಲಿಯೇ ಇರಬೇಕು. ಮರೆಯೊಳಗೆ ಬಲ್ಬು, ಸ್ವಿಚ್ಚು, ಮೊಬೈಲ್ ಚಾರ್ಜರ್ ಯಾವುದೂ ಇರಕೂಡದು. ಬೆಳಕನ್ನು ಹೊರಗಿನಿಂದ ಬೀಳಿಸಬೇಕು.

3. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸಗಳು ಮರೆಯಿಂದ ಕನಿಷ್ಠ 35 ಅಡಿ ದೂರದಲ್ಲಿರಲಿ. ಅಷ್ಟು ಜಾಗವಿಲ್ಲದ ಘಟಕಗಳು ಬಣ್ಣದ ಹೊತ್ತನ್ನೇ ಬೇರೆ ಮಾಡಿಕೊಳ್ಳಬೇಕು. ಚೌಕಟ್ಟಿಗೂ ಬಣ್ಣ ಹೊಡೆಯುವ ವಸ್ತುವಿಗೂ ಅರ್ಥಿಂಗ್ ಕೊಡಬೇಕು.

4. ಅಂದಿನ ಕೆಲಸಕ್ಕೆ ಬೇಕಾದಷ್ಟೇ ಥಿನ್ನರ್ ಹತ್ತಿರವಿರಲಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಎನಾಮೆಲ್ ಅಂಟಿದ ಬಟ್ಟೆ ಚಿಂದಿಗಳು ರಾಶಿಯಲ್ಲಿ ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು. ಅವನ್ನೂ ಬಣ್ಣ ಕುಡಿದ ಫಿಲ್ಟರುಗಳನ್ನೂ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿಡಬೇಕು. ಬೆಂಕಿ ನಂದಿಸುವ ಸಾಧನ ಕೈಗೆಟಕುವಲ್ಲಿರಲಿ.

5. ಮೂಗಿಗೆ ಕಟ್ಟಿದ ಕರವಸ್ತ್ರ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. 2020ರ ಕೋವಿಡ್ ಕಾಲದಲ್ಲಿ ಮನೆಮಾತಾದ ಎನ್-95 ಮಾಸ್ಕ್ ಕೂಡ ಕಣಗಳನ್ನು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಆವಿಯನ್ನು ಹೀರುವ ಇದ್ದಿಲಿನ ಕಾರ್ಟ್ರಿಜ್ ಮತ್ತು ಅದರ ಮುಂದೆ ಕಣ ತಡೆಯುವ ಪದರ ಇರುವ ರೆಸ್ಪಿರೇಟರ್ ಬೇಕು. ವಾಸನೆ ಬರತೊಡಗುವವರೆಗೆ ಕಾಯದೆ ಕಾರ್ಟ್ರಿಜ್ಜನ್ನು ಕಾಲಕಾಲಕ್ಕೆ ಬದಲಿಸಬೇಕು.

ಮರೆಗೆ ಒಗ್ಗದ ಕೆಲಸಗಳು

ಯಾವ ಕೆಲಸಕ್ಕೆ ಈ ಮರೆ ಸಲ್ಲದು ಎಂಬುದನ್ನು ತಿಳಿಯುವುದೂ ಅಷ್ಟೇ ಅಗತ್ಯ. ಹಾರ್ಡನರ್ ಬೆರೆಸಿ ಬಳಸುವ ಎರಡು ಡಬ್ಬಿಯ ಪಿ.ಯು. ಬಣ್ಣದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದು ಉಸಿರಿನೊಳಗೆ ಸೇರಿ ಒಮ್ಮೆ ಅಸ್ತಮಾ ಅಂಟಿದರೆ, ಆ ಬಳಿಕ ಅತ್ಯಲ್ಪ ಪ್ರಮಾಣವೂ ಉಬ್ಬಸವನ್ನು ಕೆರಳಿಸಬಲ್ಲದು. ಆ ಪೇಂಟರಿಗೆ ತನ್ನ ಕಸುಬನ್ನೇ ಬಿಡಬೇಕಾದ ಸ್ಥಿತಿ ಬರುತ್ತದೆ. ಅದಕ್ಕೆ ವಾಸನೆ ಹೆಚ್ಚಿಲ್ಲದ ಕಾರಣ ಮೂಗು ಎಚ್ಚರಿಸುವುದಿಲ್ಲ. ಅಂಥ ಬಣ್ಣಕ್ಕೆ ಸರಿಯಾದ ಬೂತ್ ಮತ್ತು ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವೇ ಬೇಕು. ಟ್ರ್ಯಾಕ್ಟರ್ ಟ್ರೇಲರಿನಂಥ ದೊಡ್ಡ ವಸ್ತುಗಳಿಗೂ ಈ ಮರೆ ಸಾಲದು.

ಬಣ್ಣವನ್ನು ಆರಿಸುವಾಗಲೂ ಜಾಗ್ರತೆ ಬೇಕು. ಭಾರತದಲ್ಲಿ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂದ ನಿಯಮವು ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿತು. ಕೈಗಾರಿಕಾ ಬಣ್ಣಗಳನ್ನು ಆ ನಿಯಮ ಒಳಗೊಳ್ಳಲಿಲ್ಲ. ಹಳದಿ, ಕಿತ್ತಳೆ, ಕೆಂಪು ಛಾಯೆಯ ಕೈಗಾರಿಕಾ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುವ ಸಾಧ್ಯತೆಯಿದೆ. ಕೃಷಿ ಉಪಕರಣಗಳಿಗೂ ಮನೆಯ ಗೇಟಿಗೂ ಇದೇ ಛಾಯೆಗಳು ಹೆಚ್ಚು ಬಳಕೆಯಾಗುವುದರಿಂದ, ಸೀಸರಹಿತವೆಂದು ಡಬ್ಬಿಯ ಮೇಲೆ ಮುದ್ರಿಸಿದ ಬಣ್ಣವನ್ನೇ ಕೊಳ್ಳುವುದು ಲೇಸು. ಒಂದೇ ಅಳತೆಯ ಸಣ್ಣ ಭಾಗಗಳನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸುವವರು ದ್ರವ ಬಣ್ಣವನ್ನೇ ಬಿಟ್ಟು ಪೌಡರ್ ಕೋಟಿಂಗನ್ನು ಜಾಬ್‌ವರ್ಕ್ ಆಗಿ ಮಾಡಿಸುವುದು ಉತ್ತಮ. ಅದರಲ್ಲಿ ಥಿನ್ನರಿನ ಪ್ರಶ್ನೆಯೇ ಇಲ್ಲ.

ಹೊಣೆ ಯಾರದು?

ಬಹುತೇಕ ಸಣ್ಣ ಘಟಕಗಳಲ್ಲಿ ಪೇಂಟರು ಘಟಕದ ನೌಕರನಲ್ಲ. ವಾರಕ್ಕೆರಡು ಬಾರಿ ಬಂದು, ಚದರ ಅಡಿಯ ಲೆಕ್ಕದಲ್ಲಿ ಹಣ ಪಡೆದು ಹೋಗುವವನು. ಅವನ ಆರೋಗ್ಯ ಅವನ ಹೊಣೆ ಎಂಬ ಭಾವನೆ ಇದರಿಂದ ಬೆಳೆದಿದೆ. ಆದರೆ ಅವನು ಉಸಿರಾಡುವ ಗಾಳಿ ಆ ಘಟಕದ ಅಂಗಳದ್ದು, ಅವನು ಹೊಡೆಯುವ ಬಣ್ಣ ಆ ಘಟಕ ಕೊಂಡದ್ದು. ಜಾಗತಿಕ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1989ರಲ್ಲಿಯೇ ಪೇಂಟರ್ ಕಸುಬನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಕಾನೂನಿನ ಕಣ್ಣಿಗೆ ಬೀಳದಷ್ಟು ಸಣ್ಣ ಘಟಕವೆಂಬುದು ಹೊಣೆಯಿಂದ ನುಣುಚಿಕೊಳ್ಳಲು ಕಾರಣವಾಗಬಾರದು. ಒಂದು ಮರೆ ಮತ್ತು ಒಂದು ರೆಸ್ಪಿರೇಟರಿನ ಖರ್ಚನ್ನು ವೆಲ್ಡಿಂಗ್ ರಾಡಿನ ಖರ್ಚಿನಂತೆಯೇ ಉತ್ಪಾದನಾ ವೆಚ್ಚದಲ್ಲಿ ಸೇರಿಸಿ ದರ ಹೇಳುವ ಪದ್ಧತಿ ಬರಬೇಕು.

ಎಲ್ಲರೂ ಹೀಗೆ ಮಾಡದಿದ್ದರೆ ಮಾಡಿದವನ ದರವೇ ಹೆಚ್ಚಾಗಿ ಕಾಣುತ್ತದಲ್ಲ ಎಂಬ ಪ್ರಶ್ನೆ ಸಹಜ. ಇಲ್ಲಿಯೇ ಸಂಘಟನೆಯ ಪಾತ್ರ ಬರುವುದು. ಕೈಗಾರಿಕಾ ಪ್ರದೇಶಗಳ ಸಂಘಗಳು ಒಂದೊಂದು ಮಾದರಿ ಮರೆಯನ್ನು ತಯಾರಿಸಿ, ಸದಸ್ಯರಿಗೆ ದಿನಬಾಡಿಗೆಗೆ ಕೊಡುವುದರಿಂದ ಪ್ರಾರಂಭಿಸಬಹುದು. ತಿಂಗಳಿಗೆ ನಾಲ್ಕೇ ದಿನ ಬಣ್ಣದ ಕೆಲಸವಿರುವ ಘಟಕಕ್ಕೆ ಸ್ವಂತ ಮರೆಯ ಅಗತ್ಯವೂ ಇಲ್ಲ. ಮಡಚುವ ಸಾಧನದ ವಿಶೇಷವೇ ಅದು: ಒಂದು ಮರೆ ಐದು ಅಂಗಳಗಳಿಗೆ ಸಲ್ಲುತ್ತದೆ. ವರ್ಷಕ್ಕೊಮ್ಮೆ ಪೇಂಟರುಗಳಿಗೆ ಒಂದು ದಿನದ ತರಬೇತಿಯನ್ನು ವಾಣಿಜ್ಯೋದ್ಯಮ ಸಂಸ್ಥೆಯು ಏರ್ಪಡಿಸಿದರೆ ಅದರ ಫಲ ಇಡೀ ಊರಿಗೆ ದೊರೆಯುತ್ತದೆ.

ಮುಂದಿನ ಹೆಜ್ಜೆಯಾಗಿ ಸಾಮೂಹಿಕ ಪೇಂಟ್ ಬೂತಿನ ಬಗ್ಗೆ ಯೋಚಿಸಬಹುದು. ಕೇಂದ್ರ ಸರ್ಕಾರದ ಕಿರು ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳ ಸ್ಥಾಪನೆಗೆ ಅವಕಾಶವಿದೆ. ಉತ್ಪನ್ನದಲ್ಲಿ ದೋಷ ಶೂನ್ಯ, ಪರಿಸರಕ್ಕೆ ಹಾನಿ ಶೂನ್ಯ ಎಂಬ ಧ್ಯೇಯದ ಝಡ್.ಇ.ಡಿ. ಪ್ರಮಾಣಪತ್ರ ಯೋಜನೆಯು 2022ರಲ್ಲಿ ಹೊಸ ರೂಪ ಪಡೆದಾಗ, ಪ್ರಮಾಣೀಕರಣ ಶುಲ್ಕದಲ್ಲಿ ಕಿರು ಘಟಕಗಳಿಗೆ ಶೇ. 80, ಸಣ್ಣ ಘಟಕಗಳಿಗೆ ಶೇ. 60, ಮಧ್ಯಮ ಘಟಕಗಳಿಗೆ ಶೇ. 50 ರಿಯಾಯಿತಿ ಘೋಷಿಸಲಾಯಿತು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸಬಯಸುವ ಘಟಕಗಳು ಅಂಗಳದಲ್ಲಿ ಬಣ್ಣ ಹೊಡೆಯುತ್ತ ಇಂಥ ಪ್ರಮಾಣಪತ್ರದ ಆಶಯಕ್ಕೆ ತಕ್ಕಂತೆ ನಡೆದುಕೊಳ್ಳಲಾರವು.

ವ್ಯಾಪಾರಸ್ಥರ ದೃಷ್ಟಿಯಿಂದ ನೋಡಿದರೂ ಇದೊಂದು ಅವಕಾಶ. ಸರಿಯಾದ ಬಟ್ಟೆ, ಸರಿಯಾದ ಫಿಲ್ಟರ್, ಸರಿಯಾದ ಮುಖವಾಡ ಇವಿಷ್ಟನ್ನೂ ಒಂದೇ ಕಡೆ ಮಾರುವ ಅಂಗಡಿಗೆ ಇಲ್ಲಿ ಗಿರಾಕಿಗಳ ಕೊರತೆಯಾಗಲಾರದು. ಮದುವೆಯ ಕಾಲ ಮುಗಿದ ಮೇಲೆ ಕೆಲಸ ಕಡಿಮೆಯಾಗುವ ಪೆಂಡಾಲ್ ತಯಾರಕರು ಇಂಥ ಮರೆಗಳನ್ನು ಸಿದ್ಧಪಡಿಸಿದರೆ ಗದಗ, ಹಾವೇರಿ, ಬೆಳಗಾವಿಗಳಿಗೂ ಕಳಿಸಬಹುದು. ಗಣೇಶನ ಹಬ್ಬದ ಮುಂಚೆ ಮೂರ್ತಿಗಳಿಗೆ ಸ್ಪ್ರೇ ಹೊಡೆಯುವ ಕಲಾವಿದರಿಗೂ ಇದೇ ಸಾಧನ, ಇದೇ ನಿಯಮಗಳೊಂದಿಗೆ ಸಲ್ಲುತ್ತದೆ.

ತಯಾರಕನು ಬೆಸುಗೆಯನ್ನು ಎಷ್ಟೇ ಗಟ್ಟಿಯಾಗಿ ಹಾಕಿದ್ದರೂ ಗ್ರಾಹಕನ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ವರ್ಷ ಕಳೆದ ಮೇಲೆ ತಯಾರಕನ ಹೆಸರನ್ನು ಉಳಿಸುವುದೂ ಅಳಿಸುವುದೂ ಅದೇ ಬಣ್ಣ. ಆ ಕೆಲಸಕ್ಕೆ ಹತ್ತಡಿ-ಎಂಟಡಿಯ ಒಂದು ಜಾಗವನ್ನು, ಅದನ್ನು ಮಾಡುವವನಿಗೆ ಶುದ್ಧ ಉಸಿರನ್ನು ಒದಗಿಸುವುದು ಅವಳಿ ನಗರದ ಸಣ್ಣ ಉದ್ದಿಮೆಗೆ ಮೀರಿದ ಭಾರವೇನಲ್ಲ. ಬರುವ ಮಳೆಗಾಲದ ಮೊದಲೇ ಒಂದೊಂದು ಕೈಗಾರಿಕಾ ಪ್ರದೇಶದಲ್ಲಿ ಒಂದೊಂದು ಮಾದರಿ ಮರೆ ನಿಂತರೆ, ಉಳಿದವರು ಕಣ್ಣಾರೆ ಕಂಡು ಅನುಸರಿಸುವುದರಲ್ಲಿ ಸಂದೇಹವಿಲ್ಲ.